ಪಿಕಪ್ ಹೆಚ್ಚಿತು, ವಾರಂಟಿ ಎಲ್ಲಿ ಹೋಯಿತು?

ಮಿಕ್ಸಿ ಕೊಂಡರೆ ವಾರಂಟಿ ಕಾರ್ಡಿಗೆ ಅಂಗಡಿಯವರ ಸೀಲು ಬಿದ್ದಿದೆಯಾ ಅಂತ ಎರಡೆರಡು ಸಲ ನೋಡುವವರು ನಾವು. ಬಿಲ್ಲನ್ನು ಬೀರುವಿನಲ್ಲಿ ಜೋಪಾನವಾಗಿ ಎತ್ತಿಡುತ್ತೇವೆ. ಆದರೆ ಹತ್ತು ಹನ್ನೆರಡು ಲಕ್ಷ ಕೊಟ್ಟು ತಂದ ಕಾರಿನ ವಾರಂಟಿ ಪುಸ್ತಕ ಎಲ್ಲಿದೆ ಅಂತ ಕೇಳಿದರೆ? ‘ಅದೆಲ್ಲ ನಮ್ಮ ಯಜಮಾನರಿಗೆ ಬಿಟ್ಟಿದ್ದು’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಾರಿನ ಕಂತು ಮಾತ್ರ ಮನೆ ಖರ್ಚಿನ ಲೆಕ್ಕದಲ್ಲೇ ಹೋಗುತ್ತದೆ ಅಲ್ಲವೇ? ಹಾಗಾದರೆ ಅದರ ವಾರಂಟಿಯೂ ಮನೆಯ ವಿಷಯವೇ.

ಈ ಮಾತು ಈಗ ಯಾಕೆ ಅಂದರೆ, ಕೊಂಡ ಕಾರಿನ ಎಂಜಿನ್ನಿಗೆ ಹೊರಗಡೆ ‘ಟ್ಯೂನಿಂಗ್’ ಮಾಡಿಸುವ ಹುಚ್ಚು ಮನೆಮನೆಗೂ ಬಂದಿದೆ. ಮಗನಿಗೆ ಪಿಕಪ್ ಸಾಲದು, ಯಜಮಾನರಿಗೆ ಘಾಟಿಯಲ್ಲಿ ಲಾರಿ ಹಿಂದೆ ಹಾಕಲು ಇನ್ನಷ್ಟು ದಮ್ಮು ಬೇಕು. ‘ಒಂದೆರಡು ಗಂಟೆ ಕೆಲಸ, ಬಾನೆಟ್ ಕೂಡ ಬಿಚ್ಚಲ್ಲ, ಯಾರಿಗೂ ಗೊತ್ತಾಗಲ್ಲ’ ಅಂತ ಟ್ಯೂನಿಂಗಿನವರು ಧೈರ್ಯ ತುಂಬುತ್ತಾರೆ. ವಾರಂಟಿ ಮುಗಿಯುವ ತನಕ ಇದಕ್ಕೆ ‘ಬೇಡ’ ಅನ್ನುವುದೇ ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಷ್ಟಕ್ಕೂ ಏನು ಮಾಡ್ತಾರೆ?

ಈಗಿನ ಕಾರುಗಳಲ್ಲಿ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಇರುತ್ತದೆ. ಎಂಜಿನ್ನಿಗೆ ಎಷ್ಟು ಇಂಧನ, ಯಾವ ಕ್ಷಣದಲ್ಲಿ, ಟರ್ಬೊ ಎಷ್ಟು ಒತ್ತಡದಲ್ಲಿ ಗಾಳಿ ನೂಕಬೇಕು ಎಂದು ಅಳೆದು ಕೊಡುವುದು ಅದರ ಕೆಲಸ. ಸ್ಟೀರಿಂಗ್ ಕೆಳಗಿರುವ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಆ ಅಳತೆಗಳನ್ನು ಬದಲಿಸಿದರೆ ಅದು ‘ರೀಮ್ಯಾಪ್’. ಸೆನ್ಸರ್ ಮತ್ತು ಇಸಿಯು ನಡುವೆ ಡಬ್ಬಿಯೊಂದನ್ನು ಕೂರಿಸಿ, ಕಂಪ್ಯೂಟರಿಗೆ ಸುಳ್ಳು ಲೆಕ್ಕ ಹೇಳಿಸಿದರೆ ಅದು ‘ಟ್ಯೂನಿಂಗ್ ಬಾಕ್ಸ್’.

ಕಂಪನಿಯವರಿಗೆ ಈ ವಿದ್ಯೆ ಬರುವುದಿಲ್ಲ ಅಂತಲ್ಲ. ಬೇಸಿಗೆಯ ಬಿಸಿಲು, ಬಂಕಿನ ಕಳಪೆ ಡೀಸೆಲ್, ತುಂಬಿದ ಲಗೇಜು, ವರ್ಷಗಟ್ಟಲೆ ಓಟ ಇವೆಲ್ಲವನ್ನೂ ತಾಳಲಿ ಅಂತ ಬೇಕೆಂದೇ ಸ್ವಲ್ಪ ಶಕ್ತಿಯನ್ನು ಉಳಿಸಿಟ್ಟಿರುತ್ತಾರೆ. ಟ್ಯೂನಿಂಗಿನವರು ಕೈಹಾಕುವುದು ಆ ಉಳಿತಾಯಕ್ಕೇ. ಕುಕ್ಕರಿನ ವೆಯ್ಟ್ ಮೇಲೆ ಇನ್ನೊಂದು ಭಾರ ಇಟ್ಟ ಹಾಗೆ. ಬೇಳೆ ಬೇಗ ಬೇಯಬಹುದು. ಆದರೆ ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ಆ ಒತ್ತಡಕ್ಕೆ ಮಾಡಿದ್ದಲ್ಲ. ಕಾರಿನಲ್ಲಿ ಹೀಗೆ ಹೆಚ್ಚಿನ ಹೊರೆ ಬೀಳುವುದು ಟರ್ಬೊ, ಕ್ಲಚ್ಚು, ಗೇರ್‌ಬಾಕ್ಸ್, ಇಂಜೆಕ್ಟರುಗಳ ಮೇಲೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬೇರೆ ಇದೆ. ಡೀಸೆಲ್ ಹೆಚ್ಚು ಸುರಿದು ಮಸಿ ಹೆಚ್ಚಾದರೆ ಅದೂ ಕಟ್ಟಿಕೊಳ್ಳುತ್ತದೆ. ಇವೆಲ್ಲ ಚಿಲ್ಲರೆ ಕಾಸಿನ ರಿಪೇರಿಗಳಲ್ಲ.

‘ಯಾರಿಗೂ ಗೊತ್ತಾಗಲ್ಲ’ ಅನ್ನೋದು ಸುಳ್ಳು

ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಚುಚ್ಚಿದಾಗ ಇಸಿಯುನಲ್ಲಿರುವ ಸಾಫ್ಟ್‌ವೇರನ್ನು ಕಂಪನಿಯ ಮೂಲ ಸಾಫ್ಟ್‌ವೇರಿನ ಜೊತೆ ಹೋಲಿಸಿ ನೋಡಬಹುದು. ಎಷ್ಟು ಸಲ ಬದಲಾಯಿಸಲಾಗಿದೆ ಎಂಬ ಲೆಕ್ಕವನ್ನೂ ಕೆಲವು ಕಾರುಗಳು ಇಟ್ಟುಕೊಳ್ಳುತ್ತವೆ. ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್, ಆಡಿ ಡೀಲರುಗಳು ಇಂಥ ಕಾರಿನ ದಾಖಲೆಗೆ ‘ಟಿಡಿ1’ ಎಂಬ ಗುರುತನ್ನೇ ಹಾಕುತ್ತಾರೆ. ಹಾಗಾಗಿ ಸರ್ವಿಸ್‌ಗೆ ಬಿಡುವ ಮುಂಚೆ ‘ಹಳೇದನ್ನೇ ಹಾಕಿಕೊಡ್ತೀವಿ’ ಎಂಬ ಭರವಸೆಯನ್ನು ನಂಬಿ ಕೂರಬೇಡಿ.

ವಾರಂಟಿ ಪುಸ್ತಕವನ್ನು ತೆಗೆದು, ‘ಇವಕ್ಕೆ ವಾರಂಟಿ ಅನ್ವಯಿಸುವುದಿಲ್ಲ’ ಎಂಬ ಪುಟ ಓದಿ. ಕಂಪನಿ ಒಪ್ಪದ ಮಾರ್ಪಾಡಿನಿಂದ ಆದ ಹಾನಿಗೆ ತಾವು ಹೊಣೆಯಲ್ಲ ಎಂಬರ್ಥದ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹೆಚ್ಚಿಗೆ ಹಣ ಕೊಟ್ಟು ತೆಗೆದುಕೊಂಡ ಎಕ್ಸ್‌ಟೆಂಡೆಡ್ ವಾರಂಟಿಯ ಷರತ್ತುಗಳನ್ನೂ ಹಾಗೇ ಓದಬೇಕು. ಟ್ಯೂನಿಂಗಿನವರು ‘ನಮ್ಮದೂ ಗ್ಯಾರಂಟಿ ಇದೆ’ ಅಂದರೆ, ಅದು ಅವರು ಹಾಕಿದ ಸಾಫ್ಟ್‌ವೇರಿಗೋ ಅಥವಾ ಎಂಜಿನ್ ಕೆಟ್ಟರೆ ಅದಕ್ಕೂ ಸೇರಿಯೋ ಅಂತ ಬರವಣಿಗೆಯಲ್ಲಿ ಕೇಳಿ. ಆಗ ಮಾತಿನ ಧಾಟಿ ಬದಲಾಗುವುದನ್ನು ನೀವೇ ನೋಡಿ!

ಎಲ್ಲದಕ್ಕೂ ಅದೇ ನೆಪವೇ?

ಇನ್ನೊಂದು ಮಗ್ಗುಲೂ ಇದೆ. ಟ್ಯೂನ್ ಮಾಡಿಸಿದ್ದು ನಿಜ. ಆದರೆ ಕೆಟ್ಟಿದ್ದು ಕಿಟಕಿ ಗಾಜಿನ ಮೋಟಾರು ಅಂತಿಟ್ಟುಕೊಳ್ಳಿ. ಅದಕ್ಕೂ ‘ನಿಮ್ಮ ವಾರಂಟಿಯೇ ಹೋಯ್ತು ಮೇಡಂ’ ಅಂದರೆ ತಲೆಯಾಡಿಸಿ ಬರಬೇಕೇ? ಖಂಡಿತ ಬೇಡ. ಎಂಜಿನ್ ಟ್ಯೂನಿಂಗಿಗೂ ಕಿಟಕಿಗೂ ಏನು ಸಂಬಂಧ ಅಂತ ಕೇಳಿ.

ಅಮೆರಿಕದಲ್ಲಿ 1975ರಲ್ಲೇ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ಬಂತು. ಹೊರಗಿನ ಬಿಡಿಭಾಗ ಹಾಕಿಸಿದ್ದಾರೆ ಎಂಬ ಒಂದೇ ಕಾರಣಕ್ಕೆ ಅಲ್ಲಿ ವಾರಂಟಿ ನಿರಾಕರಿಸುವಂತಿಲ್ಲ. ಹಾನಿ ಆದದ್ದು ಅದರಿಂದಲೇ ಎಂದು ಕಂಪನಿ ತೋರಿಸಬೇಕು. ನಮ್ಮಲ್ಲಿ 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಬಿಡಿಭಾಗಗಳ ಪ್ರಕರಣದಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಕೂಡದು, ಅಲ್ಲಿನ ಕೆಟ್ಟ ಕೆಲಸದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದೂ ಹೇಳಿತು. ಕಂಪನಿಗಳು ಇದರ ವಿರುದ್ಧ ಮೇಲ್ಮನವಿಗೆ ಹೋದವು. ಆ ಆದೇಶ ಗ್ಯಾರೇಜು ರಿಪೇರಿಯ ಬಗ್ಗೆಯೇ ಹೊರತು ಟ್ಯೂನಿಂಗಿಗೆ ಕೊಟ್ಟ ರಹದಾರಿಯಲ್ಲ. ಆದರೂ ಯಾವುದರಿಂದ ಯಾವುದು ಕೆಟ್ಟಿತು ಎಂಬ ಅದರ ಪ್ರಶ್ನೆ ನಮಗೂ ಉಪಯೋಗಕ್ಕೆ ಬರುತ್ತದೆ. ಕಿಟಕಿ ವಿಷಯದಲ್ಲಿ ಈ ಪ್ರಶ್ನೆ ನಿಮ್ಮ ಪರವಾಗಿದೆ. ಟರ್ಬೊ ಸುಟ್ಟರೆ ಮಾತ್ರ ಅದೇ ಪ್ರಶ್ನೆ ನಿಮಗೇ ತಿರುಗಿ ನಿಲ್ಲುತ್ತದೆ, ನೆನಪಿರಲಿ.

ಆರ್‌ಸಿ ಯಾರ ಹೆಸರಲ್ಲಿದೆ?

ಎಷ್ಟೋ ಮನೆಗಳಲ್ಲಿ ಕಾರು ಇರುವುದು ಹೆಂಡತಿಯ ಹೆಸರಿನಲ್ಲಿ. ಹಾಗಿದ್ದರೆ ಇನ್ನೂ ಹುಷಾರಾಗಿರಿ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಇಂಥ ತಪ್ಪಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಬೀಳಬಹುದು. ಹೊಣೆ ವಾಹನದ ಮಾಲೀಕರದ್ದು. ಎಂಜಿನ್ ಜೊತೆ ಸೈಲೆನ್ಸರನ್ನೂ ಬದಲಿಸೋಣ ಅಂತ ಮಗ ಹೊರಟರೆ, ನೋಟಿಸು ಬರುವುದು ಅಮ್ಮನ ಹೆಸರಿಗೆ! ಇನ್ಶೂರೆನ್ಸ್ ಕಂಪನಿಗೂ ಹೇಳದೆ ಮಾರ್ಪಾಡು ಮಾಡಿಸಿದರೆ ಮುಂದೆ ಕ್ಲೇಮ್ ಹೊತ್ತಿನಲ್ಲಿ ತಕರಾರು ಬರಬಹುದು.

ಇಷ್ಟನ್ನು ಮಾಡಿ

* ವಾರಂಟಿ ಪುಸ್ತಕ, ಸರ್ವಿಸ್ ಬಿಲ್ಲುಗಳು, ಜಾಬ್ ಕಾರ್ಡುಗಳನ್ನು ಒಂದು ಫೈಲಿನಲ್ಲಿ ಹಾಕಿ ಮನೆಯಲ್ಲಿಡಿ.

* ಟ್ಯೂನಿಂಗ್ ಮಾತು ಬಂದರೆ ‘ವಾರಂಟಿ ಎಂದು ಮುಗಿಯುತ್ತೆ’ ಅಂತ ಮೊದಲು ಕೇಳಿ. ಅಲ್ಲಿಯವರೆಗೆ ಕಾಯಲಿ.

* ಪಿಕಪ್ ನಿಜವಾಗಿಯೂ ಕಡಿಮೆಯಾಗಿದ್ದರೆ ಟ್ಯೂನಿಂಗಿಗೆ ಓಡುವ ಮುಂಚೆ ಏರ್ ಫಿಲ್ಟರ್, ಟೈರಿನ ಗಾಳಿ, ಕ್ಲಚ್ಚು ಪರೀಕ್ಷೆ ಮಾಡಿಸಿ.

* ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವಾಗ ಹಳೆಯ ಮಾಲೀಕರು ರೀಮ್ಯಾಪ್ ಮಾಡಿಸಿದ್ದರೇ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.

* ಈಗಾಗಲೇ ಮಾಡಿಸಿದ್ದರೆ ಸರ್ವಿಸ್ ಸೆಂಟರಿನಲ್ಲಿ ಮುಚ್ಚಿಡಬೇಡಿ. ಸುಳ್ಳು ಸಿಕ್ಕಿಬಿದ್ದರೆ ನ್ಯಾಯವಾದ ಕ್ಲೇಮನ್ನೂ ಅನುಮಾನಿಸುತ್ತಾರೆ.

* ವಾರಂಟಿ ಇಲ್ಲ ಅಂದರೆ ಯಾವ ಭಾಗಕ್ಕೆ, ಯಾವ ಷರತ್ತಿನಂತೆ, ಯಾವ ಪರೀಕ್ಷೆಯ ಆಧಾರದ ಮೇಲೆ ಎಂದು ಬರವಣಿಗೆಯಲ್ಲಿ ಪಡೆಯಿರಿ.

* ಒಪ್ಪಿಗೆಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ. ತೊಂದರೆಯಾದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಗಂಡಸರ ಆಸೆಗೆ ಅಡ್ಡಗಾಲು ಹಾಕಿ ಅಂತ ಹೇಳುತ್ತಿಲ್ಲ. ಮನೆಯ ದುಡ್ಡಿಗೆ ಸಂಬಂಧಿಸಿದ ತೀರ್ಮಾನದಲ್ಲಿ ನಿಮ್ಮದೂ ಒಂದು ಮಾತಿರಲಿ. ವಾರಂಟಿ ಪುಕ್ಕಟೆ ಬಂದದ್ದಲ್ಲ. ಕಾರಿನ ಬೆಲೆಯ ಜೊತೆಗೇ ಅದಕ್ಕೂ ದುಡ್ಡು ಕೊಟ್ಟಿದ್ದೇವೆ. ಅದನ್ನು ಎರಡು ನಿಮಿಷದ ವೇಗಕ್ಕೆ ಬಿಟ್ಟುಕೊಡಬೇಕೇ ಬೇಡವೇ ಅಂತ ಕೇಳುವ ಹಕ್ಕು, ಮನೆ ಲೆಕ್ಕ ಬರೆಯುವ ಕೈಗಲ್ಲದೆ ಇನ್ಯಾರಿಗಿದೆ?