ಶಿಬಿರ ಮುಗಿದ ಮೇಲಿನ ದಿನಗಳು

ಕುಡಿತ ಬಿಡಿಸುವ ಶಿಬಿರಗಳು ನಮ್ಮ ನಾಡಿಗೆ ಹೊಸವಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯವರು ರಾಜ್ಯದ ನಾನಾ ಜಿಲ್ಲೆಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದ್ದಾರೆ. ಇಂತಿಷ್ಟು ಮಂದಿ ಪಾನಮುಕ್ತರಾದರೆಂಬ ಸುದ್ದಿ ಮರುದಿನ ಪತ್ರಿಕೆಗಳಲ್ಲಿ ಬರುತ್ತದೆ. ಅದು ಸಂತೋಷದ ಸುದ್ದಿಯೇ ಸರಿ. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕುಟುಂಬಗಳಿಗೆ ನಿಜವಾದ ಪ್ರಶ್ನೆ ಎದುರಾಗುವುದು ಆ ಸುದ್ದಿ ಹಳತಾದ ಮೇಲೆ. ಬಿಟ್ಟವನು ಬಿಟ್ಟೇ ಇರುವನೇ?

ಬಿಡುವುದು ಬೇರೆ, ಬಿಟ್ಟು ಬಾಳುವುದು ಬೇರೆ. ಬಹುಕಾಲ ಅತಿಯಾಗಿ ಕುಡಿದವರು ಒಮ್ಮೆಲೇ ನಿಲ್ಲಿಸಿದಾಗ ಕೈನಡುಕ, ನಿದ್ರಾನಾಶಗಳು ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮೂರ್ಛೆರೋಗದಂತಹ ಸೆಳೆತವೂ ಎರಡು ಮೂರು ದಿನಗಳ ಬಳಿಕ ಚಿತ್ತಭ್ರಮೆಯೂ ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಅಂಥವರನ್ನು ಮನೆಯಲ್ಲಿ ಕೂಡಿಹಾಕುವುದು ಸಲ್ಲದು, ವೈದ್ಯರ ನೆರವು ಅವಶ್ಯ. ದೇಹದ ಈ ತಳಮಳ ಸಾಮಾನ್ಯವಾಗಿ ವಾರದೊಳಗೆ ತಗ್ಗುತ್ತದೆ. ಮನಸ್ಸಿನ ಬಯಕೆ ಅಷ್ಟು ಬೇಗ ತಗ್ಗುವುದಿಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವು ವ್ಯಸನದಿಂದ ದೊರೆತ ಬಿಡುಗಡೆಯನ್ನು ಸ್ಥಿರವೆಂದು ಕರೆಯಬೇಕಾದರೆ 12 ತಿಂಗಳಿಗೂ ಮೀರಿದ ಅವಧಿ ಕಳೆದಿರಬೇಕೆನ್ನುತ್ತದೆ. ಆಗಲೂ ಅದು ಬಳಸುವ ಮಾತು ಉಪಶಮನವೇ ಹೊರತು ಗುಣವಾಯಿತೆಂಬುದಲ್ಲ.

ಕಾನೂನೊಂದರಿಂದಲೇ ಈ ಕಾರ್ಯ ಸಾಧ್ಯವಾಗದೆಂಬುದಕ್ಕೆ ನಮ್ಮ ಸೀಮೆಯ ಇತಿಹಾಸವೇ ಸಾಕ್ಷಿ. 1956ರವರೆಗೆ ಈ ಮೂರೂ ಊರುಗಳು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. 1949ರ ಪಾನನಿರೋಧ ಕಾಯಿದೆಯ ಕಾಲವನ್ನು ಕಂಡವು. ಮುಂದೆ 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮುಗಳ ಚಿಕ್ಕ ಪೊಟ್ಟಣ ಬಂದು ಕುಳಿತಿತು. 2025-26ರ ರಾಜ್ಯ ಮುಂಗಡಪತ್ರವು ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಇಷ್ಟನ್ನು ನೆಚ್ಚಿಕೊಂಡ ಬೊಕ್ಕಸವು ಕುಡಿತ ಬಿಟ್ಟವನಿಗೆ ಕಾವಲಾಗಿ ನಿಲ್ಲುವುದೆಂದು ನಾವು ನಂಬಿ ಕೂರುವಂತಿಲ್ಲ.

ಹಾಗಾದರೆ ಕಾವಲು ಎಲ್ಲಿ ಬೇಕು? ಹಣ ಕೈಗೆ ಬರುವ ದಿನ ಬೇಕು. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ನೆರೆಯುವುದು ಸೋಮವಾರ ಮತ್ತು ಗುರುವಾರ. ಸುಗ್ಗಿಯ ತಿಂಗಳುಗಳಲ್ಲಿ ರೈತ, ಹಮಾಲ, ಗಾಡಿಯವ ಎಲ್ಲರ ಕೈಯಲ್ಲೂ ಕಾಸು ಓಡಾಡುತ್ತದೆ. ದರ ಏರಿದರೆ ಹಿಗ್ಗಿನ ನೆಪ, ಇಳಿದರೆ ದುಃಖದ ನೆಪ. ಅದೇ ಪೇಟೆಯಲ್ಲಿ ದಿನವಿಡೀ ತೊಟ್ಟು ಬಿಡಿಸಿ ಕೂಲಿ ಪಡೆದ ಹೆಣ್ಣುಮಗಳಿಗೆ ಮಾತ್ರ ಗಂಡ ಯಾವ ಹಾದಿಯಿಂದ ಮನೆಗೆ ಬರುವನೆಂಬ ಚಿಂತೆ. ಶಿಬಿರದಲ್ಲಿ ಪೇಟೆಯಿಲ್ಲ, ಸಾಲಗಾರನಿಲ್ಲ, ಹಳೆಯ ಗೆಳೆಯರಿಲ್ಲ. ಊರಿನಲ್ಲಿ ಎಲ್ಲವೂ ಇವೆ. ಶಿಬಿರದಲ್ಲಿ ಕೈಗೊಂಡ ಸಂಕಲ್ಪದ ಪರೀಕ್ಷೆ ನಡೆಯುವುದು ಊರಿನಲ್ಲಿಯೇ.

ಇಲ್ಲಿ ಡಬ್ಲಿನ್ ನಗರದ ಕೂಲಿಕಾರ ಮ್ಯಾಟ್ ಟಾಲ್ಬಟರ ಬಾಳು ನೆನೆಯತಕ್ಕದ್ದು. ಎಳವೆಯಿಂದಲೇ ಕುಡಿತಕ್ಕೆ ಬಿದ್ದ ಅವರು 1884ರಲ್ಲಿ, 28ರ ವಯಸ್ಸಿನಲ್ಲಿ, ಪ್ರತಿಜ್ಞೆ ಕೈಗೊಂಡರು. ಮೊದಲು ಕೇವಲ ಮೂರು ತಿಂಗಳಿಗೆ. ಆಮೇಲೆ ಅದನ್ನು ವಿಸ್ತರಿಸಿ, ಕಡೆಗೆ ಜೀವಮಾನಕ್ಕೆ. 1925ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 41 ವರ್ಷ, ಮತ್ತೆ ಮುಟ್ಟಲಿಲ್ಲ. ಹೆಂಡದಂಗಡಿಗಳಲ್ಲಿ ಮಾಡಿದ್ದ ಸಾಲಗಳನ್ನೂ ತೀರಿಸಿದರು. ಧರ್ಮಸಭೆ 1975ರಲ್ಲಿ ಅವರನ್ನು ಪೂಜ್ಯರೆಂದು ಸಾರಿತು. ಗ್ಲಾಸು ಕೆಳಗಿಟ್ಟರಷ್ಟೇ ಸಾಲದು, ಕುಡಿತದಿಂದ ಕೆಟ್ಟದ್ದನ್ನೆಲ್ಲ ಒಂದೊಂದಾಗಿ ನೇರ್ಪಡಿಸುತ್ತ ಹೋಗಬೇಕು ಎಂಬುದು ಅವರ ಬಾಳಿನ ಪಾಠ. ಕಿರಾಣಿ ಅಂಗಡಿಯ ಬಾಕಿ, ಒತ್ತೆಯಿಟ್ಟ ತಾಳಿ, ಮಗಳ ಶಾಲೆಯ ಶುಲ್ಕ, ಇವು ತೀರುತ್ತ ಬಂದಾಗಲೇ ಮನೆಯವರ ವಿಶ್ವಾಸವೂ ಮರಳುವುದು.

ಎಡವಿದವರ ಮಾತೇನು? ಅಮೆರಿಕದ ಆಕ್ರನ್ ನಗರದಲ್ಲಿ 1935ರಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಅಲ್ಲಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ 1939ರಿಂದ ಕುಡುಕರಿಗೆ ಹಾಸಿಗೆ ದೊರಕಿಸಿದ ಸಿಸ್ಟರ್ ಇಗ್ನೇಷಿಯಾ, ಮನೆಗೆ ಹೊರಟವರ ಕೈಯಲ್ಲಿ ಯೇಸುವಿನ ಪವಿತ್ರ ಹೃದಯದ ಮುದ್ರೆಯೊಂದನ್ನು ಇಡುತ್ತಿದ್ದರು. ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಇದನ್ನು ತಂದು ಹಿಂದಿರುಗಿಸಬೇಕು ಎಂಬುದು ಅವರ ಷರತ್ತು. ಕುಡಿಯುವ ಮೊದಲು ಒಬ್ಬರ ಮುಖ ನೋಡಬೇಕಾಗಿ ಬರುವ ಈ ಉಪಾಯವೇ ಹೇಳುತ್ತದೆ, ಒಂಟಿಯಾಗಿ ಗೆಲ್ಲುವುದು ಕಷ್ಟವೆಂದು. ಧರ್ಮಸ್ಥಳದ ಶಿಬಿರಗಳ ಬೆನ್ನಿಗೆ ನವಜೀವನ ಸಮಿತಿಗಳು ಇರುವುದೂ ಇದಕ್ಕಾಗಿಯೇ. ಎಡವಿದವನನ್ನು ಹೀಯಾಳಿಸಿದರೆ ಅವನು ಹಿಂದಿರುಗುವ ಬಾಗಿಲನ್ನು ನಾವೇ ಮುಚ್ಚಿದಂತೆ.

ಇನ್ನು ನಮ್ಮ ಸಮುದಾಯದ ಮಾತು. ಮದ್ಯ ಸಲ್ಲದ ಗುರುಗಳು ಬಲಿಪೂಜೆಯಲ್ಲಿ, ಧರ್ಮಾಧ್ಯಕ್ಷರ ಅನುಮತಿ ಪಡೆದು, ಹುಳಿಯುವುದನ್ನು ತಡೆದಿರಿಸಿದ ದ್ರಾಕ್ಷಾರಸವನ್ನು ಬಳಸಬಹುದೆಂದು ವ್ಯಾಟಿಕನ್ನಿನ 2003ರ ಪತ್ರ ಹೇಳಿದೆ. ಪೂಜಾಪೀಠದಲ್ಲಿಯೇ ಇಂತಹ ವಿವೇಚನೆ ಸಾಧ್ಯವಿರುವಾಗ, ಮದುವೆಯ ಔತಣದಲ್ಲಿ 'ಒಂದೇ ಒಂದು, ಏನೂ ಆಗದು' ಎಂದು ಬಲವಂತಪಡಿಸುವ ನಮ್ಮ ಆದರಾತಿಥ್ಯ ಎಂತಹದು? ಕುಡಿತ ಬಿಟ್ಟವನ ವರ್ಷಗಳ ಶ್ರಮವನ್ನು ಒಂದು ಸಂಜೆಯಲ್ಲಿ ಕೆಡಿಸುವ ಶಕ್ತಿ ಆ ಪ್ರೀತಿಯ ಮಾತಿಗಿದೆ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯಾವಲಂಬಿಗಳಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಉಳಿದ 37 ಜನ ನಮ್ಮ ಓಣಿಗಳಲ್ಲಿಯೇ ಇದ್ದಾರೆ. 14446 ಎಂಬ ಉಚಿತ ಸಹಾಯವಾಣಿ ಇದೆಯೆಂದು ಅವರ ಮನೆಯವರಿಗೆ ತಿಳಿಸಬಹುದು. ಪೇಟೆಯ ದಿನ ಸಂಜೆ ಧರ್ಮಕೇಂದ್ರದ ಸಭಾಂಗಣವನ್ನು, ಜಾತಿಮತ ಕೇಳದೆ, ಕುಡಿತ ಬಿಟ್ಟವರ ಕೂಟಕ್ಕೆ ತೆರೆದಿಡಬಹುದು. ಶಿಬಿರದಿಂದ ಬಂದವರನ್ನು ನೂರನೆಯ ದಿನದಂದೂ ವರ್ಷ ತುಂಬಿದಾಗಲೂ ಹೋಗಿ ಕಂಡು ಬರಬಹುದು. ಇವುಗಳಿಗೆ ಹೆಚ್ಚಿನ ಹಣ ಬೇಡ, ನೆನಪಿಟ್ಟುಕೊಳ್ಳುವ ಮನಸ್ಸು ಬೇಕು.

ಪಾನಮುಕ್ತರ ಲೆಕ್ಕವನ್ನು ಶಿಬಿರದ ಕೊನೆಯ ದಿನ ಬರೆದು ಮುಗಿಸಬಾರದು. ಮುಂದಿನ ಸುಗ್ಗಿ ಕಳೆದ ಮೇಲೆ ಆ ಮನೆಗಳಲ್ಲಿ ಕೇಳಿ ಬರೆಯೋಣ.