ಗೌರವ ಪ್ರತಿಯೂ ಗ್ರಂಥಕರ್ತೆಯ ಗೌರವವೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯಾಧ್ಯಾಪಕಿಯಾದವಳು ಶಾಲೆಯ ಏಳಿಗೆ, ಪರೀಕ್ಷೆಗಳ ಫಲಿತಾಂಶ, ವಿದ್ಯಾರ್ಥಿನಿಯರ ನಡೆನುಡಿ ಇವುಗಳನ್ನು ಕುರಿತು ನಾಲ್ಕು ಮಾತು ಬರೆಯುವದು ವಾಡಿಕೆ. ಆ ವಿಷಯಗಳೆಲ್ಲ ವಾರ್ಷಿಕ ವರದಿಯಲ್ಲಿ ಬಂದಿರುವದರಿಂದ ಈ ಸಲ ಬೇರೊಂದು ಸಂಗತಿಯನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಅದು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಸಂಬಂಧಿಸಿದ್ದು. ಅದರಲ್ಲಿ ನನ್ನದೊಂದು ತಪ್ಪೂ ಸೇರಿಕೊಂಡಿದೆ.

ಈಕೆ ಅಂಕೋಲೆಯವಳು. ಹೆಸರು ಹೇಳಬಾರದೆಂದು ಅವಳ ಕೋರಿಕೆ. ಶಾಲೆಯಲ್ಲಿದ್ದಾಗ ಎರಡು ಪುಟದ ನಿಬಂಧ ಬರೆಯೆಂದರೆ ಆರು ಪುಟ ಬರೆದು ತರುತ್ತಿದ್ದಳು. ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ, ಮನೆಯವರು ಏಳುವದಕ್ಕೆ ಮುಂಚಿನ ಬೆಳಗಿನ ಜಾವದಲ್ಲಿ ಐದು ವರ್ಷ ಕುಳಿತು ಒಂದು ಕಾದಂಬರಿಯನ್ನು ಬರೆದು ಮುಗಿಸಿದಳು. ಹಸ್ತಪ್ರತಿಯನ್ನು ಮೂವರು ಪ್ರಕಾಶಕರಿಗೆ ಕಳಿಸಿದಳು. ಒಬ್ಬರು ಹಿಂದಿರುಗಿಸಿದರು, ಇಬ್ಬರಿಂದ ಉತ್ತರವೇ ಬರಲಿಲ್ಲ. ಕಡೆಗೆ ಕೈಯಲ್ಲಿದ್ದ ಎರಡು ಬಂಗಾರದ ಬಳೆಗಳನ್ನು ಒತ್ತೆಯಿಟ್ಟು, ತಾನೇ ಪ್ರಕಾಶಕಿಯಾಗಿ 500 ಪ್ರತಿಗಳನ್ನು ಅಚ್ಚು ಹಾಕಿಸಿದಳು.

ಒಂದು ಸಂಜೆ ಅವಳು ಶಾಲೆಗೆ ಬಂದು, "ಅಕ್ಕೋರೇ, ಇದು ನಿಮಗೆ ಗೌರವ ಪ್ರತಿ" ಎಂದು ಎರಡೂ ಕೈಗಳಿಂದ ಪುಸ್ತಕವನ್ನು ಕೊಟ್ಟಳು. ನಾನು ಸಂತೋಷಪಟ್ಟೆನು, ಆಶೀರ್ವದಿಸಿದೆನು. ಬೆಲೆ ಕೊಡಬೇಕೆಂಬುದು ಮನಸ್ಸಿಗೆ ಹೊಳೆಯಲೇ ಇಲ್ಲ. ಮುಂದೆ ನಾಲ್ಕು ತಿಂಗಳು ಆ ಪುಸ್ತಕವು ನನ್ನ ಮೇಜಿನ ಮೇಲೆಯೇ ಇತ್ತು. ಹಳೆಯ ವಿದ್ಯಾರ್ಥಿನಿಯರ ಸಮ್ಮೇಲನದಲ್ಲಿ ನಾನು ಎದ್ದು ನಿಂತು, ಅದು ನಮ್ಮ ಶಾಲೆಗೆ ಭೂಷಣಪ್ರಾಯವಾದ ಕೃತಿಯೆಂದು ಹೊಗಳಿದೆನು. ಆಗ ನಾನು ಓದಿದ್ದದ್ದು ಮೊದಲಿನ ಮೂವತ್ತು ಪುಟ ಮಾತ್ರ. ಸಭೆ ಮುಗಿದ ಮೇಲೆ ಅವಳು ಬಳಿಗೆ ಬಂದು, "ಯಾವ ಪ್ರಕರಣ ನಿಮಗೆ ಹಿಡಿಸಿತು, ಅಕ್ಕೋರೇ?" ಎಂದು ಕೇಳಿದಳು. ನಾನು ಏನೋ ಹೇಳಿ ಮಾತು ತೇಲಿಸಿದೆನು. ಅವಳು ಮರುಮಾತಾಡದೆ ನಮಸ್ಕರಿಸಿ ಹೊರಟುಹೋದಳು. ಸುಳ್ಳು ಹೇಳಬಾರದೆಂದು ಅವಳಿಗೆ ಕಲಿಸಿದವಳು ನಾನೇ.

ಅಂದು ರಾತ್ರಿಯೇ ಓದಲು ಕುಳಿತೆನು. ಮೂರು ದಿನಗಳಲ್ಲಿ ಮುಗಿಸಿದೆನು. ಬಳಿಕ ಒಂದು ಆದಿತ್ಯವಾರ ಕಾರವಾರದಿಂದ ಬಸ್ಸು ಹಿಡಿದು ಅವಳ ಮನೆಗೆ ಹೋದೆನು. ಆಗ ಮಳೆಗಾಲ. ನಮ್ಮ ಕರಾವಳಿಯ ಮಳೆಯಲ್ಲಿ ಕಾಗದವು ಹೇಗೆ ತೇವ ಹಿಡಿಯುವದೆಂದು ತಮಗೆ ಹೇಳಬೇಕಾದ್ದಿಲ್ಲ. ಮಂಚದ ಕೆಳಗೆ, ಕಪಾಟಿನ ಮೇಲೆ, ದೇವರ ಕೋಣೆಯ ಮೂಲೆಯಲ್ಲಿ ಪುಸ್ತಕದ ಕಟ್ಟುಗಳಿದ್ದವು. ಒರಲೆ ಹತ್ತೀತೆಂಬ ಭಯದಿಂದ ಅವಳು ವಾರಕ್ಕೊಮ್ಮೆ ಎಲ್ಲ ಕಟ್ಟುಗಳನ್ನೂ ಬಿಚ್ಚಿ ನೋಡಿ ಮತ್ತೆ ಕಟ್ಟಿಡುತ್ತಿದ್ದಳು.

ಅವಳು ಲೆಕ್ಕದ ವಹಿಯನ್ನು ತೋರಿಸಿದಳು. ಆ ಲೆಕ್ಕವನ್ನು ಅವಳ ಅನುಮತಿಯಿಂದ ಇಲ್ಲಿ ಕೊಡುತ್ತೇನೆ. 500 ಪ್ರತಿಗಳಿಗೆ ಕಾಗದ, ಅಚ್ಚು, ರಟ್ಟು, ಮುಖಪುಟದ ಚಿತ್ರ ಎಲ್ಲ ಸೇರಿ 55,000 ರೂಪಾಯಿ. ಅಂದರೆ ಪ್ರತಿಯೊಂದಕ್ಕೆ 110 ರೂಪಾಯಿ. ಮುಖಬೆಲೆ 220 ರೂಪಾಯಿ. ಪುಸ್ತಕದಂಗಡಿಯವರ ಪಾಲು ನೂರಕ್ಕೆ 35ರಂತೆ 77 ರೂಪಾಯಿ. ಗ್ರಂಥಕರ್ತೆಗೆ ಉಳಿಯುವದು 143. ಈ ಮೇರೆಗೆ ಅಂಗಡಿಗಳ ಮುಖಾಂತರ 385 ಪ್ರತಿಗಳು ಮಾರಿದರೆ ಮಾತ್ರ ಅಸಲು ಕೈಗೆ ಬರುವದು. ಅವಳು ಬಂಧುಗಳಿಗೆ, ನೆರೆಯವರಿಗೆ, ಗುರುಹಿರಿಯರಿಗೆ, ಸಭೆಯ ಅತಿಥಿಗಳಿಗೆ ಕೊಟ್ಟ ಗೌರವ ಪ್ರತಿಗಳು 120. ಉಳಿದವು 380. ಅವೆಲ್ಲವೂ ಅಂಗಡಿಯಲ್ಲಿ ಮಾರಿಹೋದರೂ ಅಸಲಿಗೆ 660 ರೂಪಾಯಿ ಕಡಿಮೆಯೇ. ಒತ್ತೆಯ ಬಡ್ಡಿಯೂ ಟಪಾಲಿನ ಖರ್ಚೂ ಬೇರೆ. ಆ 120 ಜನರಲ್ಲಿ ನಾನೂ ಒಬ್ಬಳು. ನಾವೆಲ್ಲ ಅವಳನ್ನು ಹರಸಿದವರೇ. ಹರಸುತ್ತ ಹರಸುತ್ತ ಅವಳ ಬಳೆಗಳನ್ನು ಒತ್ತೆಯಲ್ಲಿಯೇ ಉಳಿಸಿದೆವು.

ಹಣದ ಕಷ್ಟವನ್ನು ಅಂಕೆಗಳಲ್ಲಿ ಹೇಳಬಹುದು. ಮನಸ್ಸಿನ ಕಷ್ಟವನ್ನು ಹಾಗೆ ಹೇಳಲಾಗದು. ಹೆಣ್ಣುಮಕ್ಕಳು ತಮ್ಮನ್ನು ತಾವೇ ಹೊಗಳಿಕೊಳ್ಳಬಾರದು, ಮುಂದೆ ಬಿದ್ದು ಮಾತಾಡಬಾರದು ಎಂದು ನಾವು ಮನೆಯಲ್ಲಿಯೂ ಶಾಲೆಯಲ್ಲಿಯೂ ಕಲಿಸಿದ್ದೇವೆ. ಆದರೆ ತನ್ನ ಗ್ರಂಥವನ್ನು ತಾನೇ ಪ್ರಕಟಿಸಿದವಳು ಅಂಗಡಿಯ ಮೆಟ್ಟಲು ಹತ್ತಿ, "ನನ್ನ ಪುಸ್ತಕ ಚೆನ್ನಾಗಿದೆ, ಇಟ್ಟುಕೊಳ್ಳಿರಿ" ಎಂದು ತನ್ನ ಬಾಯಿಂದಲೇ ಹೇಳಬೇಕು. ಮೂರು ತಿಂಗಳ ಮೇಲೆ ಹೋಗಿ, "ಎಷ್ಟು ಮಾರಿದವು?" ಎಂದು ಕೇಳಬೇಕು. ಪ್ರತಿಯೊಂದು ಸಲವೂ ಯಾರದೋ ಮನೆಗೆ ಸಾಲ ಕೇಳಲು ಹೋದಂತೆ ಆಗುತ್ತಿತ್ತೆಂದು ಅವಳು ಹೇಳಿದಳು. ಇದರ ಮೇಲೆ ಊರಿನ ಮಾತು. ಕಾದಂಬರಿಯಲ್ಲೊಬ್ಬ ಕಠಿಣಳಾದ ಅತ್ತೆಯಿದ್ದಾಳೆ. ಅವಳ ಸ್ವಂತ ಅತ್ತೆಯವರನ್ನು ನೆರೆಯ ಹೆಂಗಸರು, "ಇದು ನಿಮ್ಮ ಕಥೆಯೇ ಏನು?" ಎಂದು ಕೇಳಿದರಂತೆ. ಕೇಳಿದವರಾರೂ ಪುಸ್ತಕವನ್ನು ಕೊಂಡವರಲ್ಲ. ಆದರೆ ಅವಳಿಗೆ ಎಲ್ಲಕ್ಕಿಂತ ಭಾರವಾಗಿದ್ದದ್ದು ನಿಂದೆಯಲ್ಲ, ಮೌನ. 120 ಮನೆಗಳಿಗೆ ಪುಸ್ತಕ ಹೋಗಿತ್ತು. ಓದಿದೆನೆಂದು ಒಂದು ಕಾಗದವೂ ಬಂದಿರಲಿಲ್ಲ.

ಪೋಷಕರಲ್ಲಿ ಕೆಲವರು, "ಒಳ್ಳೆಯ ಪುಸ್ತಕವಾಗಿದ್ದರೆ ಪ್ರಕಾಶಕರೇ ತೆಗೆದುಕೊಳ್ಳುತ್ತಿದ್ದರು, ಕೈಯಿಂದ ಹಣ ಹಾಕುವದು ಹುಚ್ಚುತನವಲ್ಲವೇ?" ಎನ್ನಬಹುದು. ಕನ್ನಡ ಕಾದಂಬರಿಯ ಚರಿತ್ರೆ ಇದನ್ನು ಒಪ್ಪುವದಿಲ್ಲ. ಹಾವೇರಿಯ ಸೀಮೆಯ ಗಳಗನಾಥರು (1869–1942) ಶಾಲಾ ಶಿಕ್ಷಕರಾಗಿದ್ದವರು. ಅವರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿ ಕನ್ನಡಿಗರಿಗೆ ಓದುವ ರೂಢಿಯನ್ನು ಹಚ್ಚಿದರು. ನಂಜನಗೂಡು ತಿರುಮಲಾಂಬಾ ಅವರು (1887–1982) ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು, ತಂದೆಯ ಮನೆಯಲ್ಲಿ ವಿದ್ಯೆ ಗಳಿಸಿ, 1913ರಲ್ಲಿ 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ತಾವೇ ಸ್ಥಾಪಿಸಿದರು. ತಮ್ಮ 'ಸುಶೀಲೆ' ಕಾದಂಬರಿಯನ್ನು ಅದರಲ್ಲಿ ಪ್ರಕಟಿಸಿದರು. ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಇಂಗ್ಲೆಂಡಿನ ಜೇನ್ ಆಸ್ಟಿನ್ ಅವರ ಮೊದಲ ಕಾದಂಬರಿ 'ಸೆನ್ಸ್ ಆ್ಯಂಡ್ ಸೆನ್ಸಿಬಿಲಿಟಿ' 1811ರಲ್ಲಿ ಹೊರಬಂದದ್ದೂ ನಷ್ಟದ ಹೊಣೆ ಗ್ರಂಥಕರ್ತೆಯದೇ ಎಂಬ ಕರಾರಿನ ಮೇಲೆ. ನಷ್ಟವನ್ನು ತುಂಬಲು ಹಣ ತೆಗೆದಿಟ್ಟಿದ್ದ ಆಕೆಗೆ 140 ಪೌಂಡು ಲಾಭವೇ ಬಂದಿತು. ಆದರೆ ಮುಖಪುಟದಲ್ಲಿ ಹೆಸರಿರಲಿಲ್ಲ, 'ಒಬ್ಬ ಮಹಿಳೆ' ಎಂದಷ್ಟೇ ಇತ್ತು.

ನಮ್ಮ ಕಾರವಾರದ ಕಡಲತೀರಕ್ಕೆ ಯಾರ ಹೆಸರಿದೆಯೋ ಆ ರವೀಂದ್ರನಾಥ ಠಾಕೂರರ ಅನುಭವವನ್ನೂ ಕೇಳಿರಿ. ಅವರು 1880ರ ದಶಕದ ಆರಂಭದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿಗೆ ಬಂದು ತಂಗಿ, 'ಪ್ರಕೃತಿರ್ ಪ್ರತಿಶೋಧ' ನಾಟಕವನ್ನು ಬರೆದರು. ಅದಕ್ಕೂ ಮುಂಚೆ, 1878ರಲ್ಲಿ, ಅವರ ಮೊದಲ ಪುಸ್ತಕ 'ಕವಿಕಾಹಿನಿ'ಯನ್ನು ಗೆಳೆಯರೊಬ್ಬರು ಉತ್ಸಾಹದಿಂದ ಅಚ್ಚು ಹಾಕಿಸಿದ್ದರು. ಅದರ ಪ್ರತಿಗಳು ಮಾರಾಟವಾಗದೆ ಅಂಗಡಿಯ ಕಪಾಟಿಗೂ ಪ್ರಕಾಶಕರ ಮನಸ್ಸಿಗೂ ಬಹುಕಾಲ ಭಾರವಾಗಿದ್ದುವೆಂದು ಠಾಕೂರರೇ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಆದುದರಿಂದ ಮಂಚದ ಕೆಳಗಿನ ಕಟ್ಟುಗಳು ಪುಸ್ತಕದ ಯೋಗ್ಯತೆಗೆ ಅಳತೆಗೋಲಲ್ಲ.

ಆದರೂ ಈ ಮಾತನ್ನು ಅತಿಯಾಗಿ ಎಳೆಯಬಾರದು. ಸ್ವಂತ ಖರ್ಚಿನಿಂದ ಅಚ್ಚಾದ ಮಾತ್ರಕ್ಕೆ ಯಾವ ಪುಸ್ತಕವೂ ಒಳ್ಳೆಯದಾಗುವದಿಲ್ಲ. ಪ್ರಕಾಶಕರಿದ್ದಲ್ಲಿ ಹಸ್ತಪ್ರತಿಯನ್ನು ತಿದ್ದಿ, "ಈ ಪ್ರಕರಣ ಬೇಡ" ಎಂದು ಹೇಳುವ ಒಬ್ಬರಾದರೂ ಇರುತ್ತಾರೆ; ತಾನೇ ಪ್ರಕಾಶಕಿಯಾದವಳಿಗೆ ಆ ಸಹಾಯವಿಲ್ಲ. ನಮ್ಮ ವಿದ್ಯಾರ್ಥಿನಿಯ ಕಾದಂಬರಿಯಲ್ಲಿಯೂ ದೋಷಗಳಿವೆ: ಅಚ್ಚಿನ ತಪ್ಪುಗಳು ಬಹಳ, ನಡುವಿನ ಎರಡು ಪ್ರಕರಣಗಳು ಕಥೆಯನ್ನು ನಿಲ್ಲಿಸಿಬಿಡುತ್ತವೆ. ಆದರೆ ಗಂಡನನ್ನು ಕಡಲಿಗೆ ಕಳಿಸಿದ ಹೆಂಗಸು ದಂಡೆಯ ಮೇಲೆ ಕಾಯುವ ಪ್ರಕರಣವನ್ನು ನಮ್ಮ ಸೀಮೆಯನ್ನು ಬಲ್ಲವರು ಮಾತ್ರ ಬರೆಯಬಲ್ಲರು. ಅಂದು ಇವೆರಡನ್ನೂ ಅವಳಿಗೆ ಹೇಳಿದೆನು. ನನ್ನ ತಪ್ಪನ್ನೂ ಒಪ್ಪಿಕೊಂಡು ಪುಸ್ತಕದ ಬೆಲೆಯನ್ನು ಅವಳ ಕೈಯಲ್ಲಿಟ್ಟೆನು. ದೋಷಗಳನ್ನು ಕೇಳಿ ಅವಳು ನೊಂದುಕೊಳ್ಳುವಳೆಂದು ಹೆದರಿದ್ದೆನು. ಅವಳು ಪೆನ್ಸಿಲು ತಂದು, "ಯಾವ ಪುಟ, ಅಕ್ಕೋರೇ?" ಎಂದು ಕೇಳಿ ಗುರುತು ಹಾಕಿಕೊಂಡಳು. ಹೋದ ವರ್ಷದ ನನ್ನ ಹೊಗಳಿಕೆಯಿಂದ ಬಾರದ ಸಂತೋಷವು ಅವಳ ಮುಖದಲ್ಲಿ ಅಂದು ಕಾಣಿಸಿತು.

ಬರೆಯಬೇಕೆಂದಿರುವ ನಮ್ಮ ಹುಡುಗಿಯರಿಗೆ ನನ್ನ ಬುದ್ಧಿವಾದವಿಷ್ಟೆ. ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಕೆಂಬ ಸುವಾರ್ತೆಯ ಸಾಮ್ಯವನ್ನು ನೀವು ಬಲ್ಲಿರಿ. ಬಂಗಾರವನ್ನು ಒತ್ತೆಯಿಡಬೇಡಿರಿ. ಈಗಿನ ಯಂತ್ರಗಳಲ್ಲಿ ನೂರು ಪ್ರತಿಗಳನ್ನೂ ಅಚ್ಚು ಹಾಕಿಸಬಹುದು. ಪ್ರತಿಯೊಂದರ ಖರ್ಚು ಹೆಚ್ಚಾದರೂ ಒಟ್ಟು ಹೊಣೆ ಕಡಿಮೆ. ಅಚ್ಚಿಗೆ ಮುಂಚೆ, ನಿಮ್ಮನ್ನು ಮೆಚ್ಚಿಸಬೇಕೆಂಬ ಹಂಗಿಲ್ಲದ ಇಬ್ಬರಿಂದ ಓದಿಸಿರಿ. ಐಎಸ್‌ಬಿಎನ್ ಸಂಖ್ಯೆಯು ಭಾರತದಲ್ಲಿ ಸರಕಾರದಿಂದ ಧರ್ಮಾರ್ಥವಾಗಿಯೇ ದೊರೆಯುವದು. ಅದಕ್ಕಾಗಿ ಯಾರಿಗೂ ಹಣ ಕೊಡಬೇಡಿರಿ. 1954ರ ಕಾನೂನಿನ ಮೇರೆಗೆ ಪ್ರಕಾಶಕಿಯಾದವಳು ಕೋಲಕತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಕಳಿಸತಕ್ಕದ್ದೆಂಬುದನ್ನು ನೆನಪಿನಲ್ಲಿಡಿರಿ. ಈ ನಾಲ್ಕು ಪ್ರತಿಗಳು ನಮ್ಮ 120ರಂತೆ ವ್ಯರ್ಥವಲ್ಲ. ಗ್ರಂಥಾಲಯ ಇಲಾಖೆಯು ಆಯ್ದ ಪುಸ್ತಕಗಳನ್ನು ಕೊಳ್ಳುವದುಂಟು. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ಕೊಡುವದುಂಟು. ಪ್ರಯತ್ನಿಸಿರಿ, ಆದರೆ ಆ ಆಶೆಯ ಮೇಲೆ ಸಾಲ ಮಾಡಬೇಡಿರಿ.

ಇನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ನನ್ನ ವಿಜ್ಞಾಪನೆ. ತಿರುಮಲಾಂಬಾ ಅವರ ಲೇಖನಿಯು ಅವರು ತೀರಿಕೊಳ್ಳುವದಕ್ಕೆ ಬಹಳ ವರ್ಷ ಮುಂಚೆಯೇ ನಿಂತುಹೋಗಿತ್ತು. ನಾಡು ಅವರನ್ನು ಬಹುಮಟ್ಟಿಗೆ ಮರೆತಿತ್ತು. ವಿಜಯಾ ದಬ್ಬೆ, ಚಿ. ನ. ಮಂಗಳಾ ಮೊದಲಾದ ವಿದುಷಿಯರು ಅವರನ್ನು ಮತ್ತೆ ಬೆಳಕಿಗೆ ತರಬೇಕಾಯಿತು. ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ನಾವು ಬರೆಯುವವರಿಗೆ ಹೇಳುತ್ತೇವೆ. ಬರೆದದ್ದನ್ನು ಬಿಟ್ಟಿಯಾಗಿ ಪಡೆದು ಓದದೆ ಕಪಾಟಿನಲ್ಲಿ ಹೂತಿಡುವವರು ನಾವೇ. ಆದುದರಿಂದ ನಿಮ್ಮ ಪರಿಚಯದವಳು ಪುಸ್ತಕ ಬರೆದರೆ ಮುಖಬೆಲೆ ಕೊಟ್ಟು ಕೊಂಡುಕೊಳ್ಳಿರಿ. ಅವಳು ಬೇಡವೆಂದರೂ ಕೊಡಿರಿ. ಓದಿರಿ, ಓದಿದ ಮೇಲೆ ನಾಲ್ಕು ಸಾಲು ನಿಜವನ್ನು ಬರೆದು ಕಳಿಸಿರಿ. ಹಿಡಿಸಿದ್ದರೆ ಇನ್ನೊಬ್ಬರಿಗೆ ನೀವೇ ಹೇಳಿರಿ. ಅವಳು ತನ್ನ ಬಾಯಿಂದ ಹೇಳಿಕೊಳ್ಳುವ ಸಂಕಟ ಅಷ್ಟು ಕಡಿಮೆಯಾಗುವದು.

ಶಾಲೆಯ ಪಾಲಿನ ಕೆಲಸವನ್ನು ಈಗಾಗಲೇ ಆರಂಭಿಸಿದ್ದೇವೆ. ಹಳೆಯ ವಿದ್ಯಾರ್ಥಿನಿಯರ ಪುಸ್ತಕಗಳಿಗಾಗಿ ನಮ್ಮ ಗ್ರಂಥಾಲಯದಲ್ಲಿ ಒಂದು ಕಪಾಟನ್ನು ಮೀಸಲಿರಿಸಿದೆ. ಅದರಲ್ಲಿ ಇಡುವ ಪ್ರತಿಯೊಂದು ಪುಸ್ತಕದ ಎರಡು ಪ್ರತಿಗಳನ್ನು ಪೂರ್ಣ ಬೆಲೆ ಕೊಟ್ಟು ಕೊಳ್ಳಲಾಗುವದು. ಗೌರವ ಪ್ರತಿಗಳನ್ನು ಸ್ವೀಕರಿಸಲಾಗುವದಿಲ್ಲ. ಮೇಲಿನ ತರಗತಿಯ ಹುಡುಗಿಯರು ಓದಿ ಗ್ರಂಥಕರ್ತೆಗೆ ಕಾಗದ ಬರೆಯುವರು. ಅಂಕೋಲೆಯ ನಮ್ಮ ಕಾದಂಬರಿಕರ್ತೆಗೆ ಇಂಥ ಹನ್ನೊಂದು ಕಾಗದಗಳು ಹೋಗಿವೆ. ಬಳೆಗಳಲ್ಲಿ ಒಂದು ಮಾತ್ರ ಇನ್ನೂ ಬಿಡಿಸಿಕೊಂಡು ಬಂದಿದೆ. ಅವಳು ಎರಡನೆಯ ಕಾದಂಬರಿಯನ್ನು ಬರೆಯುತ್ತಿದ್ದಾಳೆ. ಈ ಸಲ ಹಸ್ತಪ್ರತಿಯನ್ನು ಅಚ್ಚಿಗೆ ಮುಂಚೆಯೇ ನನಗೆ ತಂದು ತೋರಿಸುವಳಂತೆ. ದೇವರು ಅವಳ ಕೈಗೆ ಬಲವನ್ನೂ, ನಮ್ಮ ನಾಲಿಗೆಗೆ ಸತ್ಯವನ್ನೂ ಅನುಗ್ರಹಿಸಲಿ.