ಕಾರ್ಬೊರೇಟರ್ ಮುಟ್ಟುವ ಮೊದಲು ಒಂದು ಬಲ್ಬ್ ತನ್ನಿ

ಹಳೇ ಪೆಟ್ರೋಲ್ ಅಂಬಾಸಿಡರ್ ಗ್ಯಾರೇಜಿಗೆ ಹೋದರೆ ಏನಾಗುತ್ತದೆ ಗೊತ್ತಲ್ಲ? ಬಾನೆಟ್ ಎತ್ತುತ್ತಾರೆ, ಸ್ಕ್ರೂಡ್ರೈವರ್ ಹಿಡಿದ ಕೈ ಸೀದಾ ಕಾರ್ಬೊರೇಟರ್ ಮೇಲೆ ಹೋಗುತ್ತದೆ. ಕೆಮ್ಮಿದರೂ ಕಾರ್ಬೊರೇಟರ್, ಕಾದರೂ ಕಾರ್ಬೊರೇಟರ್, ಏರು ಹತ್ತದಿದ್ದರೂ ಕಾರ್ಬೊರೇಟರ್. ಈ ಚಾಳಿಯನ್ನು ನಾವು ಒಪ್ಪುವುದಿಲ್ಲ. ದುಡ್ಡು ಕಳೆದುಕೊಂಡ ಮೇಲೆ ಹೇಳುತ್ತಿದ್ದೇವೆ.

ನಮ್ಮಲ್ಲೊಬ್ಬರ ತಾತನ ಗಾಡಿ ಅದು. 1489 ಸಿಸಿ, ಬ್ರಿಟನ್ನಿನ ಬಿಎಂಸಿ ಕಂಪನಿಯ ವಿನ್ಯಾಸದ ಎಂಜಿನ್. ಊರಿನ ಎಷ್ಟೋ ಹೆರಿಗೆಗೆ, ಮದುವೆಗೆ ಓಡಿದ ಕಾರು. ಎಂಜಿನ್ ಬಿಚ್ಚಿ ಕಟ್ಟಿಸಿದ ಮೇಲೆ ಸ್ಟಾರ್ಟೇ ಆಗಲಿಲ್ಲ. ಸೆಲ್ಫ್ ಹೊಡೆದರೆ ಕಾರ್ಬೊರೇಟರಿನಿಂದ ಢಬ್ ಎಂದು ಬೆಂಕಿ ಉಗುಳುತ್ತಿತ್ತು. ಮೇಸ್ತ್ರಿ ಮೊದಲು ಕಾರ್ಬೊರೇಟರ್ ಕಿಟ್ ಹಾಕಿದರು. ಆಮೇಲೆ ಹೊಸ ಕಾಯಿಲ್, ಹೊಸ ಪ್ಲಗ್. ಕೊನೆಗೆ, "ಈ ಎಂಜಿನ್ ಕಿತ್ತು ಡೀಸೆಲ್ ಕೂರಿಸಿ, ಇಲ್ಲಾಂದ್ರೆ ಗುಜರಿಗೆ ಹಾಕಿ" ಅಂದರು. ಅಜ್ಜಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕಾರ್ಬೊರೇಟರಿನಿಂದ ಬೆಂಕಿ ಬಂದರೆ ತಪ್ಪು ಕಾರ್ಬೊರೇಟರಿನದ್ದೇ ಆಗಬೇಕೆಂದಿಲ್ಲ. ಕಿಡಿ ಬೀಳಬಾರದ ಹೊತ್ತಿನಲ್ಲಿ ಬಿದ್ದರೂ ಹೀಗೇ ಆಗುತ್ತದೆ. ಪಿಸ್ಟನ್ ಒಂದು ಸುತ್ತಿನ ಕೆಲಸದಲ್ಲಿ ಎರಡು ಸಲ ಮೇಲೆ ಬರುತ್ತದೆ. ಒಮ್ಮೆ ಪೆಟ್ರೋಲ್ ಗಾಳಿಯನ್ನು ಒತ್ತಿಕೊಂಡು, ಇನ್ನೊಮ್ಮೆ ಹೊಗೆಯನ್ನು ಹೊರಗೆ ತಳ್ಳುತ್ತಾ. ಕಿಡಿ ಬೇಕಾದದ್ದು ಮೊದಲನೆಯದಕ್ಕೆ. ಪುಲ್ಲಿಯ ಗೀಟು ಎರಡು ಸಲವೂ ಗುರುತಿಗೆ ಸರಿಯಾಗಿ ಬಂದು ನಿಲ್ಲುತ್ತದೆ, ಮೋಸ ಹೋಗುವುದು ಅಲ್ಲೇ. ಫ್ಯಾನ್ ಕಡೆಯ ಒಂದನೇ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ, ಎಂಜಿನ್ ಕೈಯಲ್ಲಿ ತಿರುಗಿಸಿದೆವು. ಗಾಳಿ ಬೆರಳನ್ನು ತಳ್ಳುತ್ತಾ ಗೀಟು ಗುರುತಿಗೆ ಬಂದಾಗ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ನೋಡಿದರೆ, ರೋಟರ್ ನಾಲ್ಕನೇ ವೈರಿನ ಕಡೆ ಮುಖ ಮಾಡಿ ನಿಂತಿತ್ತು! ಅರ್ಧ ಸುತ್ತು ತಪ್ಪು.

ಮೇಸ್ತ್ರಿ ವಾದಕ್ಕೆ ನಿಂತರು. ಡಿಸ್ಟ್ರಿಬ್ಯೂಟರ್ ಅಡಿಯ ಕಚ್ಚು ಒಂದು ಪಕ್ಕಕ್ಕೆ ಸರಿದಿರುತ್ತದೆ, ಅದು ತಪ್ಪಾಗಿ ಕೂರುವುದೇ ಇಲ್ಲ ಎಂದರು. ಆ ಮಾತು ನಿಜ. ಆದರೆ ಅದರ ಕೆಳಗಿರುವ ಡ್ರೈವ್ ಗೇರನ್ನು ಎತ್ತಿ ಮತ್ತೆ ಇಳಿಸುವಾಗ ಅದು ತಪ್ಪಾಗಿ ಕೂರುತ್ತದೆ, ಎಂಜಿನ್ ಕಟ್ಟುವಾಗ ಆದದ್ದು ಅದೇ. ಗೇರ್ ತೆಗೆದು ಸರಿಯಾಗಿ ಇಳಿಸಿದೆವು. ವೈರುಗಳ ಕ್ರಮವನ್ನೂ ನೋಡಿಕೊಂಡೆವು: 1-3-4-2, ಮೇಲಿನಿಂದ ನೋಡಿದರೆ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ. ಆ ಸಂಜೆ ಗಾಡಿ ಸ್ಟಾರ್ಟ್ ಆಯಿತು.

ಆದರೂ ಏರಿನಲ್ಲಿ ಜೀವವಿರಲಿಲ್ಲ, ಬೇಗ ಕಾಯುತ್ತಿತ್ತು. ಕಿಡಿ ತಡವಾದಾಗ ಕಾಣುವ ಲಕ್ಷಣವಿದು. ಬೇಗ ಬಿದ್ದರೆ ಲೋಡಿನಲ್ಲಿ ಟಕಟಕ ಬಡಿಯುತ್ತದೆ, ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ಸೆಲ್ಫ್ ತಿಣುಕುತ್ತದೆ. ಆ ಬಡಿತವನ್ನು ಅಲಕ್ಷ್ಯ ಮಾಡಿದರೆ ಪಿಸ್ಟನ್ನಿಗೇ ಪೆಟ್ಟು. ಪಾಯಿಂಟ್ ನೋಡಿದರೆ ಸವೆದು ಸಂದು ಮುಚ್ಚಿಕೊಂಡಿತ್ತು. ಸಂದು ಕಡಿಮೆಯಾದರೆ ಕಿಡಿ ತಡವಾಗುತ್ತದೆ. ಆದ್ದರಿಂದ ಮೊದಲು ಪಾಯಿಂಟ್ ಸಂದು ಸುಮಾರು 0.015 ಇಂಚಿಗೆ, ಆಮೇಲೆಯೇ ಟೈಮಿಂಗ್. ಉಲ್ಟಾ ಮಾಡಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಟೈಮಿಂಗಿಗೆ ದುಬಾರಿ ಯಂತ್ರವೇನೂ ಬೇಡ. ನಿಮ್ಮ ಗಾಡಿಯ ಕೈಪಿಡಿ ಹೇಳಿದ ಡಿಗ್ರಿಗೆ ಪುಲ್ಲಿ ನಿಲ್ಲಿಸಿ. 12 ವೋಲ್ಟ್ ಬಲ್ಬಿನ ಒಂದು ವೈರ್ ಡಿಸ್ಟ್ರಿಬ್ಯೂಟರಿನ ಪಕ್ಕದ ಸಣ್ಣ ಟರ್ಮಿನಲ್ಲಿಗೆ, ಇನ್ನೊಂದು ಎಂಜಿನ್ನಿನ ಲೋಹಕ್ಕೆ. ಕೀ ಆನ್ ಮಾಡಿ. ಪಾಯಿಂಟ್ ಮುಚ್ಚಿದ್ದರೆ ಬಲ್ಬ್ ಆರಿರುತ್ತದೆ, ತೆರೆದರೆ ಹತ್ತುತ್ತದೆ. ಬೋಲ್ಟ್ ಸಡಿಲಿಸಿ ಡಿಸ್ಟ್ರಿಬ್ಯೂಟರನ್ನು ಬಲ್ಬ್ ಆರುವ ತನಕ ಗಡಿಯಾರಕ್ಕೆ ಎದುರಾಗಿ ತಿರುಗಿಸಿ, ನಂತರ ನಿಧಾನಕ್ಕೆ ವಾಪಸ್ ತನ್ನಿ. ಬಲ್ಬ್ ಹತ್ತಿದ ಆ ಗಳಿಗೆಯಲ್ಲೇ ಬಿಗಿ ಮಾಡಿ. ಕೀ ಆನ್ ಇಟ್ಟು ಟೀ ಕುಡಿಯಲು ಹೋಗಬೇಡಿ, ಕಾಯಿಲ್ ಸುಡುತ್ತದೆ. ಎಲ್ಲಾ ಮಾಡಿದ ಮೇಲೂ ಟೈಮಿಂಗ್ ನಿಲ್ಲದೆ ಓಲಾಡಿದರೆ ರೋಟರ್ ಹಿಡಿದು ಅಲ್ಲಾಡಿಸಿ ನೋಡಿ. ಪಕ್ಕಕ್ಕೆ ಆಟ ಇದ್ದರೆ ಬುಷ್ ಸವೆದಿದೆ, ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ.

"ನಮ್ಮ ಕಿವಿಗಿಂತ ಬಲ್ಬ್ ಹೆಚ್ಚೇ?" ಎಂದು ಕೇಳುವ ಹಿರಿಯ ಮೇಸ್ತ್ರಿಗಳಿದ್ದಾರೆ. ಅವರ ಕಿವಿಯ ಮೇಲೆ ನಮಗೆ ಗೌರವವಿದೆ. ಆದರೆ ಕಿವಿಗೆ ಕೇಳಬೇಕಾದರೆ ಎಂಜಿನ್ ಮೊದಲು ಓಡಬೇಕಲ್ಲ! ಈಗ ಹೊಸ ನೆಪವೂ ಸಿಕ್ಕಿದೆ, ಎಲ್ಲಕ್ಕೂ ಇ20 ಪೆಟ್ರೋಲ್ ಕಾರಣ. ಎಥನಾಲ್ ಹಳೇ ರಬ್ಬರ್ ಪೈಪನ್ನು ತಿನ್ನುತ್ತದೆ, ಆ ದೂರು ಸರಿ. ಆದರೆ ಯಾವ ಪೆಟ್ರೋಲೂ ಡ್ರೈವ್ ಗೇರನ್ನು ಅರ್ಧ ಸುತ್ತು ತಿರುಗಿಸಿ ಕೂರಿಸುವುದಿಲ್ಲ.

ಮುಂದಿನ ಸಲ ನಿಮ್ಮ ಮೇಸ್ತ್ರಿ ಸ್ಕ್ರೂಡ್ರೈವರ್ ಎತ್ತಿದಾಗ ಒಂದೇ ಪ್ರಶ್ನೆ ಕೇಳಿ: "ಅಣ್ಣಾ, ಟೈಮಿಂಗ್ ನೋಡಿದ್ರಾ?" ಸಿಟ್ಟಾದರೆ ಆಗಲಿ.

ನಮ್ಮ ಹಳೇ ಕಾಯಿಲ್ ಈಗ ಮತ್ತೆ ಗಾಡಿಯಲ್ಲೇ ಇದೆ, ಅದಕ್ಕೇನೂ ಆಗಿರಲಿಲ್ಲ. ಹೊಸದನ್ನು ಗ್ಯಾರೇಜಿನವರು ವಾಪಸ್ ತೆಗೆದುಕೊಳ್ಳಲಿಲ್ಲ. ಡಿಕ್ಕಿಯಲ್ಲಿ ಬಿದ್ದಿದೆ, ಬಿಲ್ಲಿನ ಸಮೇತ.